ಗುಬ್ಬಿಯ ಪಾಲಿನ ಡಬ್ಬಿ

ಫ್ಯಾನಿನ ಸ್ವಿಚ್ಚು ಒತ್ತಿದ್ದು ಮೀನಾಕ್ಷಮ್ಮನವರ ಬೆರಳೇ. ಎಂಬತ್ತೆರಡರ ಮೇ ತಿಂಗಳು; ಬಂದ ನೆಂಟರಿಗೆ ಸೆಖೆಯಾದೀತೆಂದು ಒತ್ತಿದರು. ಫ್ಯಾನಿಗೆ ಬಡಿದು ಟಪ್ಪೆಂದು ಗಂಡುಗುಬ್ಬಿ ಅವರ ಕಾಲ ಬುಡಕ್ಕೇ ಬಿತ್ತು. ಅಂದಿನಿಂದ ವೆಂಟಿಲೇಟರಿನ ಗೂಡಿನಲ್ಲಿದ್ದ ಮೂರು ಮರಿಗಳಿಗೆ ತಾಯಿಯೊಂದೇ ದಿಕ್ಕು. ಜೆ.ಪಿ. ನಗರದ ಆ ಮಹಡಿಮನೆಯಲ್ಲಿ ಫ್ಯಾನು ಮತ್ತೆ ತಿರುಗಲಿಲ್ಲ.

ಮೀನಾಕ್ಷಮ್ಮ ಕಿಟಕಿಯಲ್ಲಿ ನುಚ್ಚಕ್ಕಿ ಇಟ್ಟರು, ಹಾಲನ್ನ ಕಲಸಿಟ್ಟರು. ತಾಯಿಗುಬ್ಬಿ ತಾನು ನಾಲ್ಕು ಕಾಳು ಕುಕ್ಕಿ, ಮರಿಗಳಿಗೆಂದು ಹುಳ ಹುಡುಕಿಕೊಂಡು ಹೊರಗೆ ಹಾರುತ್ತಿತ್ತು. ಒಂಟಿಜೀವ ಎಷ್ಟೆಂದು ತಂದೀತು? ಮೂರನೆಯ ದಿನ ಒಂದು ಮರಿ ಸತ್ತು ನೆಲದ ಮೇಲಿತ್ತು. ಉಳಿದೆರಡರ ದನಿಯೂ ಸಣ್ಣಗಾಗಿತ್ತು.

ಹುಳವೆಂದೊಡನೆ ಅವರಿಗೆ ನೆನಪಾದದ್ದು ಕೆಳಮನೆಯಲ್ಲಿದ್ದ ಓನರ್ ಸೊಣ್ಣಮ್ಮ. ಅರೆಕೆರೆಯ ಹೊಲ ಬಿಟ್ಟು ಬಂದು ಮನೆ ಕಟ್ಟಿಸಿದ್ದರೂ, ಮೊದಲ ಮಳೆಗೆ ಹುತ್ತದಿಂದೆದ್ದು ದೀಪ ಮುತ್ತುವ ಈಚಲುಹುಳಗಳನ್ನು ಹಿಡಿದು, ತಾರಸಿಯ ಬಿಸಿಲಿಗೆ ಒಣಗಿಸಿ, ಮೊರದಲ್ಲಿ ರೆಕ್ಕೆ ಕೇರಿ, ಕಡಲೆಪುರಿಯ ಜೊತೆ ತಿನ್ನಲೆಂದು ಡಬ್ಬಿ ತುಂಬಿಡುವುದನ್ನು ಅವರು ಬಿಟ್ಟಿರಲಿಲ್ಲ. ಈ ವರ್ಷ ಮಾತ್ರ ಬಿಟ್ಟಿದ್ದರು. ಮಡಿಬಟ್ಟೆ ಹರವುವ ಜಾಗದಲ್ಲಿ ಹುಳವೇ ಎಂದು ಮೂಗು ಮುಚ್ಚಿಕೊಂಡು ದೂರಿದ್ದು ಇದೇ ಮೀನಾಕ್ಷಮ್ಮ.

ಮೆಟ್ಟಿಲಿಳಿಯುವಾಗ ಎರಡು ಸಲ ಕಾಲು ಹಿಂದೆಗೆಯಿತು. ಹೇಗೋ ಸಂಗತಿಯೆಲ್ಲ ಹೇಳಿದರು.

ಸೊಣ್ಣಮ್ಮ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದರು. "ಈಗ ನಮ್ಮ ಹುಳ ನಿಮ್ಮ ಮೆಟ್ಲು ಹತ್ಬೋದಾ ಹಂಗಾದ್ರೆ?"

"ನಾನೇ ಎತ್ಕೊಂಡ್ ಹೋಗ್ತೀನಿ ಸೊಣ್ಣಮ್ಮೋರೇ. ಆ ಗಂಡುಗುಬ್ಬಿ ಸತ್ತಿದ್ದು ನನ್ನ ಕೈಯಿಂದ."

ಸೊಣ್ಣಮ್ಮ ಮತ್ತೆ ಚುಚ್ಚಲಿಲ್ಲ. ಹಳೆಯ ಬಿಸ್ಕತ್ತಿನ ಡಬ್ಬಿ ತಂದು ತಳ ಬಡಿದರು. ಹೋದ ವರ್ಷದ್ದು, ಒಂದೇ ಒಂದು ಹಿಡಿ ಉಳಿದಿತ್ತು.

"ಉಪ್ಪು ಹಾಕಿಲ್ಲ. ನೀರಲ್ಲಿ ನೆನೆಸಿ, ಮೆತ್ತಗಾದ್ಮೇಲೆ ಇಡಿ, ಇಲ್ದಿದ್ರೆ ಮರಿ ಗಂಟಲಿಗೆ ಸಿಕ್ಕೊಳ್ತದೆ. ದಿನಕ್ಕೆ ಒಂಚೂರು ಸಾಕು. ಮಿಕ್ಕಿದ್ದು ಅದೇ ಹುಡುಕ್ಕೊಂಡು ತರಲಿ."

ಮೀನಾಕ್ಷಮ್ಮ ಚಮಚ ಹುಡುಕಲಿಲ್ಲ. ನೆನೆದ ಹುಳಗಳನ್ನು ಬೆರಳಿನಿಂದಲೇ ಎತ್ತಿ ಕಿಟಕಿಯಲ್ಲಿಟ್ಟು, ಬಾಗಿಲ ಮರೆಯಲ್ಲಿ ನಿಂತರು. ತಾಯಿಗುಬ್ಬಿ ಬಂತು. ತಲೆ ವಾರೆ ಮಾಡಿ ನೋಡಿತು. ಒಂದನ್ನು ಕಚ್ಚಿಕೊಂಡದ್ದೇ ಹೊರಗೆ ಹಾರಲಿಲ್ಲ, ನೆಟ್ಟಗೆ ಗೂಡಿಗೆ ಹೋಯಿತು.

ಹತ್ತು ದಿನಕ್ಕೆ ಎರಡೂ ಮರಿ ರೆಕ್ಕೆ ಬಿಚ್ಚಿದವು.

ಮರುವರ್ಷ ಮೊದಲ ಮಳೆ ಬಿದ್ದ ಮಾರನೆಯ ಬೆಳಗ್ಗೆ ಸೊಣ್ಣಮ್ಮ ಅಂಗಳದಲ್ಲಿ ಮೊರ ಹಿಡಿದು ಜಾಗ ಹುಡುಕುತ್ತಿದ್ದಾಗ ಮೇಲಿನಿಂದ ಕರೆ ಬಂತು. ಹತ್ತಿ ನೋಡಿದರೆ ತಾರಸಿ ಗುಡಿಸಿ, ಹಳೆ ಸೀರೆ ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟಿತ್ತು. ಮಡಿಬಟ್ಟೆಯ ಹಗ್ಗ ಆಚೆ ಬದಿಗೆ ಹೋಗಿತ್ತು.

"ಗುಬ್ಬಿ ಪಾಲು ಎಷ್ಟಮ್ಮ?" ಸೊಣ್ಣಮ್ಮ ನಗುತ್ತ ಕೇಳಿದರು.

ಮೀನಾಕ್ಷಮ್ಮ ತೊಳೆದು ಒರೆಸಿದ ಸಣ್ಣ ಡಬ್ಬಿಯೊಂದನ್ನು ಮುಂದೆ ಹಿಡಿದರು.