ಅತ್ತೆಗೊಂದು ಜಾರೋ ಗೇಮು

ಟೈಲ್ಸ್ ಮೇಸ್ತ್ರಿ ಹಾಸಿದ ನೆಲ ಅಂದ್ರೆ ನೆಲ. ಅದ್ರ ಮೇಲೆ ನೊಣ ಇಳಿದ್ರೂ ಗೋಡೆ ತನಕ ಜಾರ್ಕೊಂಡು ಹೋಗಿ, ಅಲ್ಲಿ ಎದ್ದು ಮೈ ಕೊಡವ್ಕೊಂಡು ಹಾರ್ತಿತ್ತಂತೆ. ಅಂಥಾ ನೆಲಾನ ಸ್ವಂತ ಮನೆಗೂ ಹಾಸಿದ. ಮಾರನೇ ದಿನ ಬೆಕ್ಕು ಮನೆ ಬಿಟ್ಟೋಯ್ತು. ಅತ್ತೆಗೆ ಹೋಗೋಕಾಗ್ಲಿಲ್ಲ, ಜಾರಿ ಬಿದ್ರು.

ಅತ್ತೆ ಕಾಲಿಗೆ ಪ್ಲಾಸ್ಟರ್ ಬಿತ್ತು. ಬಾಯಿಗೂ ಬಿತ್ತು ಅನ್ನಿ, ಅಳಿಯನ ಜೊತೆ ಮಾತೇ ಬಂದ್. ಅವನು ಮನೆ ತುಂಬ ಚಾಪೆ ಹಾಸಿದ್ರೂ ಕೋಪ ಇಳೀಲಿಲ್ಲ. ನೀರು ಬೇಕಿದ್ರೂ, ಅವನು ಎದುರಿಗೇ ನಿಂತಿದ್ರೂ, ಮಗಳನ್ನ ಕರೆದು "ನಿನ್ನ ಗಂಡಂಗೆ ಹೇಳು" ಅನ್ನೋರು. ಹಗಲೆಲ್ಲಾ ಮಂಚದ ಮೇಲೆ ಮಲಗಿ ಮೊಬೈಲಲ್ಲಿ ಗೇಮ್ ಆಡೋರು. ಇದ್ದಬದ್ದ ಗೇಮೆಲ್ಲ ಮುಗಿಸಿ, "ಎಲ್ಲಾ ಸಪ್ಪೆ" ಅಂತ ಗೋಡೆ ಕಡೆ ತಿರುಗಿದ್ರು.

ಮೇಸ್ತ್ರಿಗೆ ಅಲ್ಲೇ ಹೊಳೀತು. ತಾನೇ ಒಂದು ಗೇಮ್ ಮಾಡ್ಕೊಟ್ರೆ ಅತ್ತೆ ಬಾಯಿ ಬಿಡ್ಬೋದು.

ಹೆಂಡ್ತಿಯ ತಮ್ಮ ಕಂಪ್ಯೂಟರ್ ಕ್ಲಾಸಿಗೆ ಹೋಗೋನು. ಅವನನ್ನ ಕೇಳಿದ.

"ಭಾವ, ಮೊದಲು ಪ್ರೋಗ್ರಾಮಿಂಗ್ ಕಲೀಬೇಕು. ಗೇಮು ಆಮೇಲೆ."

"ಎಷ್ಟು ದಿನ ಹಿಡಿಯತ್ತೆ?"

"ನಾನಿನ್ನೂ ಕಲೀತಾನೇ ಇದೀನಿ."

"ಅಷ್ಟರಲ್ಲಿ ನಿಮ್ಮಮ್ಮ ಪ್ಲಾಸ್ಟರ್ ಬಿಚ್ಚಿಸ್ಕೊಂಡು ಇನ್ನೊಂದು ಸಲ ಜಾರಿರ್ತಾರೆ ಕಣೋ. ಈಜು ಕಲಿತ್ಮೇಲೆ ನೀರಿಗಿಳಿ ಅಂದಂಗಾಯ್ತು."

ಭಾಮೈದ ನಕ್ಕು, ಒಂದಕ್ಷರ ಬರೀದೇ ಗೇಮ್ ಮಾಡೋ ಆ್ಯಪ್ ಹಾಕ್ಕೊಟ್ಟ. ಚಿತ್ರ ಎಳ್ಕೊಂಡು ಬಂದು ಚೌಕಕ್ಕೆ ಕೂರಿಸೋದು, ಅದು ಏನ್ಮಾಡ್ಬೇಕು ಅಂತ ಪಟ್ಟಿಯಿಂದ ಆರಿಸೋದು, ಅಷ್ಟೆ. ಚೌಕ ಕಂಡಿದ್ದೇ ತಡ, ಮೇಸ್ತ್ರಿ ಕೈ ಕರಣೆ ಹಿಡಿದಂಗೆ ಓಡ್ತು. ಭಾಮೈದ ಟೀ ಕುಡಿದು ಲೋಟ ಇಡೋದ್ರೊಳಗೆ ಊರಗಲ ನೆಲ ಹಾಸಿ, ಮೇಲೊಂದು ಗೊಂಬೆ ನಿಲ್ಸಿದ್ದ.

ಅತ್ತೆ ಆಡಿದ್ರು. ಗೊಂಬೆ ನಡೀತು. ನಡೀತಾನೇ ಇತ್ತು. ಅತ್ತೆಗೆ ಆಕಳಿಕೆ ಬಂತು, ಪಕ್ಕದ ಮನೆಯವ್ರಿಗೂ ಬಂತು.

"ನಿನ್ನ ಗಂಡಂಗೆ ಹೇಳು," ಅಂತ ಮಗಳಿಗೆ ಅಂದ್ರು, "ಇದು ಗೇಮಲ್ಲ, ಆಸ್ಪತ್ರೆ ಪಡಸಾಲೆ."

ಹೆಂಡ್ತಿ ಮೊಬೈಲ್ ಇಸ್ಕೊಂಡು ನೋಡಿದ್ಲು. "ರೀ, ಒಂದಾದ್ರೂ ಗುಂಡಿ ಬೇಡ್ವಾ? ಬೀಳೋ ಭಯ ಇಲ್ದಿದ್ರೆ ಯಾರು ಆಡ್ತಾರೆ?"

"ನಾನು ಹಾಸಿದ ನೆಲದಲ್ಲಿ ಗುಂಡಿನಾ? ನೋಡಿದೋರು ನಾಳೆ ಕೆಲಸ ಕೊಡ್ತಾರೇನೆ?"

ಹುಟ್ಟಿದಾಗಿಂದ ಸೂಜಿ ತೂರೋಷ್ಟು ಸಂದಿ ಬಿಟ್ಟೋನಲ್ಲ ಅವನು. ಒಂದು ಚೌಕ ಕೀಳೋಕೆ ಹೋದ್ರೆ ಸ್ವಂತ ಹಲ್ಲು ಕಿತ್ತಂಗಾಯ್ತು. ಕಣ್ಮುಚ್ಕೊಂಡು ಕಿತ್ತ. ಗೊಂಬೆ ಧೊಪ್ ಅಂತ ಬಿತ್ತು. ಆಮೇಲೆ ರುಚಿ ಹತ್ತಿತು ನೋಡಿ. ಒಂದಷ್ಟು ಚೌಕಕ್ಕೆ ನೀಲಿ ಬಳಿದು ಪಟ್ಟಿಯಿಂದ ಆರಿಸಿದ: ಕಾಲಿಟ್ರೆ ಜಾರು. ಗೋಡೆಗೆ ಬಡಿದ್ರೆ ವಾಪಸ್ ಜಾರು. ಗುಂಡಿಗೆ ಬಿದ್ರೆ ಮೊದಲಿಂದ ಶುರು.

ಭಾಮೈದ ಇಣುಕಿ ನೋಡಿದ. "ಭಾವ, ಹೀಗಾದ್ರೆ ಹಿಂಗ್ಮಾಡು ಅಂತ ಹೇಳೋದೇ ಪ್ರೋಗ್ರಾಮಿಂಗು. ನೀವು ಮಾಡ್ತಿರೋದು ಅದೇ."

"ಹೌದೇನೋ? ಮೊದಲೇ ಹೇಳಿದ್ರೆ ಹೆದರ್ಕೊಂಡು ಬಿಟ್ಬಿಡ್ತಿದ್ದೆ."

ಕೊನೆಗೆ ಗೊಂಬೆ ಮುಖ ತೆಗೆದು ತನ್ನ ಫೋಟೋ ಅಂಟಿಸಿ, ಅತ್ತೆ ಕೈಗಿಟ್ಟು, ಬಾಗಿಲ ಹತ್ರ ನಿಂತ.

ಅತ್ತೆ ಒತ್ತಿದ್ರು. ಮೊಬೈಲೊಳಗಿನ ಅಳಿಯ ಜಾರಿ, ಗೋಡೆಗೆ ಬಡಿದು, ವಾಪಸ್ ಜಾರಿ ಗುಂಡಿಗೆ ಬಿದ್ದ. ಅತ್ತೆ ತುಟಿ ಅಲುಗಿತು. ಬೇಕಂತಲೇ ಇನ್ನೊಂದ್ಸಲ ಬೀಳಿಸಿದ್ರು. ಆಮೇಲೆ ನಕ್ಕ ನಗೆಗೆ ಮಂಚ ಅಲ್ಲಾಡಿ ಪ್ಲಾಸ್ಟರ್ ಬಿರುಕು ಬಿಡ್ತು, ಬೇಕಿದ್ರೆ ಡಾಕ್ಟ್ರನ್ನೇ ಕೇಳಿ.

"ಅಳಿಯಂದ್ರೇ," ಅಂದ್ರು ನೇರ ಅವನ ಮುಖ ನೋಡಿ, "ಬಿದ್ದಾಗ ನಿಮ್ಮ ಗಂಟಲಲ್ಲೇ 'ಅಯ್ಯೋ ಅತ್ತೆ' ಅಂತ ಕೂಗ್ಬೇಕು. ಸುಮ್ನೆ ಬಿದ್ರೆ ಏನು ಚೆಂದ? ಮತ್ತೆ ನಾನು ಆಡ್ತಾ ಆಡ್ತಾ ಪಳಗಿದಷ್ಟೂ ನೆಲ ಇನ್ನೂ ಜಾರ್ಬೇಕು."

ಮೇಸ್ತ್ರಿ ಪಟ್ಟಿಯೆಲ್ಲ ತಡಕಾಡಿದ. ಅಂಥದ್ದು ಅದ್ರಲ್ಲಿರ್ಲಿಲ್ಲ. ಭಾಮೈದನ ಪಕ್ಕ ಕುರ್ಚಿ ಎಳ್ಕೊಂಡು ಕೂತ.

"ಈಗ ಕಲಿಸಪ್ಪ ನಿನ್ ಪ್ರೋಗ್ರಾಮಿಂಗು. ಬೇಗ, ನಿಮ್ಮಮ್ಮ ಕಾಯ್ತಿದಾರೆ."