ಅಲೆಗೆ ಒಳಹೋಗಲು ಜಾಗ

ಧರ್ಮಪ್ಪ ಸಾಗರದಲ್ಲಿ ನಲವತ್ತು ವರ್ಷದಿಂದ ಮರ ಕೆತ್ತುತ್ತಿದ್ದ ಗುಡಿಗಾರ. ಶ್ರೀಗಂಧ ಸಿಗುವುದು ಕಮ್ಮಿಯಾದ ಮೇಲೆ ಶಿವಣೆ ಮರದಲ್ಲಿ ಮಂಟಪ, ಗಾಳಿ ಬೆಳಕಿಗೆಂದು ತೂತು ಕೊರೆದ ಜಾಲಂಧ್ರ ಮಾಡಿಕೊಂಡಿದ್ದ. ಹೋದ ವರ್ಷ ತೀರ್ಥಹಳ್ಳಿ ಕಡೆಯ ಬಿಂದುಶ್ರೀ ಎಂಬ ಎಂಜಿನಿಯರ್ ಅವನ ಅಂಗಡಿಗೆ ಬಂದು ಒಂದು ಚಿತ್ರ ತೋರಿಸಿದಳು. ನೆಗ್ಗಿಲು ಮುಳ್ಳಿನ ಹಾಗೆ ನಾಲ್ಕು ದಿಕ್ಕಿಗೆ ಕಾಲು ಚಾಚಿದ ಕಾಂಕ್ರೀಟ್ ದಿಮ್ಮಿ. ಮೀನುಗಾರಿಕೆ ಬಂದರಿನಲ್ಲಿ ಅಲೆ ತಡೆಯುವ ಗೋಡೆಯ ಮೇಲೆ ಇಂಥವನ್ನು ಹೇರುತ್ತಾರಂತೆ. ಅಲ್ಲಿ ಒಂದೊಂದೂ ಎಂಟು ಟನ್. ಅವಳಿಗೆ ಬೇಕಾದದ್ದು ನಲವತ್ತರಲ್ಲಿ ಒಂದು ಪಾಲು ಎತ್ತರದ್ದು, ಅಂಗೈಯಲ್ಲಿ ಕೂರುವಂಥದ್ದು. ಅದರಿಂದ ಅಚ್ಚು ತೆಗೆದು ಸಿಮೆಂಟಿನಲ್ಲಿ ಮುನ್ನೂರು ಎರಕ ಹೊಯ್ಯಬೇಕು, ಒಂದೊಂದೂ ನೂರಿಪ್ಪತ್ತೈದು ಗ್ರಾಂ ತೂಗಬೇಕು ಎಂದಳು.

ಎತ್ತರದ ಜೊತೆ ಉದ್ದ, ಅಗಲವೂ ನಲವತ್ತರಲ್ಲಿ ಒಂದು ಪಾಲಾಗುತ್ತದೆ ಎಂದು ಅವಳು ಬಿಡಿಸಿ ಹೇಳಿದರೂ, ಎಂಟು ಟನ್ ನೂರಿಪ್ಪತ್ತೈದು ಗ್ರಾಂ ಆಗುವುದು ಹೇಗೆಂದು ಧರ್ಮಪ್ಪನಿಗೆ ಎರಡು ದಿನ ಬಗೆಹರಿಯಲಿಲ್ಲ. ಆದರೂ ಕೆತ್ತಿ, ಎರಕ ಹೊಯ್ದುಕೊಟ್ಟ.

ಬಿಂದುಶ್ರೀ ಊರ ಹೊರಗೆ ಹಳೆಯ ಅಡಿಕೆ ಮಂಡಿಯೊಂದನ್ನು ಬಾಡಿಗೆಗೆ ಹಿಡಿದು, ಅದರೊಳಗೆ ನಲವತ್ತು ಅಡಿ ಉದ್ದದ ಗಾಜಿನ ತೊಟ್ಟಿ ಕಟ್ಟಿಸಿದ್ದಳು. ಒಂದು ತುದಿಯಲ್ಲಿ ಹಲಗೆಯೊಂದು ನೀರನ್ನು ತಳ್ಳಿ ಅಲೆ ಎಬ್ಬಿಸುತ್ತಿತ್ತು. ಇನ್ನೊಂದು ತುದಿಯಲ್ಲಿ ಪುಟ್ಟ ಗೋಡೆ, ಅದರ ಮೈಮೇಲೆ ಧರ್ಮಪ್ಪನ ದಿಮ್ಮಿಗಳು. ಪಕ್ಕದ ಕೋಣೆಯ ಕಂಪ್ಯೂಟರುಗಳಲ್ಲಿ ಅದೇ ಗೋಡೆ, ಅದೇ ಅಲೆ ಬರೀ ಲೆಕ್ಕವಾಗಿ ಓಡುತ್ತಿದ್ದವು. ನೂರು ವರ್ಷಕ್ಕೊಮ್ಮೆ ಬರಬಹುದಾದ ಬಿರುಗಾಳಿಗೆ ಗೋಡೆಯ ಮೇಲೆ ತುಂತುರಷ್ಟೇ ಹಾರುತ್ತದೆ ಎಂದು ಲೆಕ್ಕ ಹೇಳಿತ್ತು. ತೊಟ್ಟಿಯಲ್ಲಿ ಮಾತ್ರ ನೀರು ಗೋಡೆ ದಾಟಿ ಸುರಿಯಿತು.

ಮೂರು ದಿನ ಬಿಂದುಶ್ರೀ ತಪ್ಪು ಹುಡುಕಿದಳು. ಅಲೆಯ ಎತ್ತರ, ನೀರಿನ ಆಳ, ಎಲ್ಲವನ್ನೂ ಮತ್ತೆ ಅಳೆದಳು. ಎಲ್ಲವೂ ಸರಿಯಾಗಿಯೇ ಇದ್ದವು. ನಾಲ್ಕನೇ ದಿನ, ಒಡೆದ ದಿಮ್ಮಿಗಳ ಬದಲಿಗೆ ಹೊಸ ಎರಕ ಹಿಡಿದು ಧರ್ಮಪ್ಪ ಬಂದಾಗ ಅವಳು ತೊಟ್ಟಿಯ ಮುಂದೆ ಸುಮ್ಮನೆ ಕೂತಿದ್ದಳು. ನಡೆದದ್ದನ್ನು ಅವನಿಗೂ ಹೇಳಿದಳು.

ಧರ್ಮಪ್ಪ ಗಾಜಿಗೆ ಮುಖ ಹತ್ತಿರ ತಂದು ದಿಮ್ಮಿಗಳನ್ನು ನೋಡಿದ. ಒಂದರ ಕಾಲ ಸಂದಿಗೆ ಇನ್ನೊಂದರ ಕಾಲು ಸೇರಿಸಿ, ರಂಗೋಲಿ ಎಳೆ ಹೊಂದಿಸಿದಂತೆ ಅವಳೇ ಕೈಯಾರೆ ಜೋಡಿಸಿದ್ದಳು.

"ಚಂದ ಕೂರ್ಸಿದೀರಿ ಮೇಡಂ. ಆದ್ರೆ ಇಷ್ಟು ಒತ್ತಾಗಿ ಕೂರ್ಸಿದ್ರೆ ನೀರಿಗೆ ಒಳಗೆ ಹೋಗಕ್ಕೆ ಜಾಗ ಎಲ್ಲಿದೆ?"

ಜಾಲಂಧ್ರದಲ್ಲಿ ಮರ ಎಷ್ಟು ಉಳಿಸುತ್ತೇವೋ ತೂತಿನ ಲೆಕ್ಕವೂ ಅಷ್ಟೇ ಮುಖ್ಯ, ತೂತು ಕಿರಿದಾದರೆ ಗಾಳಿ ಒಳಗೆ ಬರದೆ ಹೊರಗೇ ತಿರುಗುತ್ತದೆ ಎಂದ.

ಬಿಂದುಶ್ರೀ ಎದ್ದು ಒಂದು ಚೌಕದಲ್ಲಿರುವ ದಿಮ್ಮಿಗಳನ್ನು ಎಣಿಸಿದಳು. ಲೆಕ್ಕದೊಳಗೆ ದಿಮ್ಮಿಗಳ ಪದರದ ಅರ್ಧ ಭಾಗ ಖಾಲಿ ಎಂದು ಕೊಟ್ಟಿದ್ದಳು. ಐವತ್ತು ಇರಬೇಕಾದ ಕಡೆ ಅರವತ್ತು ಇದ್ದವು. ಕಂಪ್ಯೂಟರು ತಪ್ಪಿರಲಿಲ್ಲ. ಅವಳ ಅಚ್ಚುಕಟ್ಟುತನವೇ ತಪ್ಪಾಗಿತ್ತು.

ತೊಟ್ಟಿಯ ನೀರು ಇಳಿಸಿ ಇಬ್ಬರೂ ಎಲ್ಲ ಕಿತ್ತು, ಚೌಕಕ್ಕೆ ಐವತ್ತರಂತೆ ಸಡಿಲವಾಗಿ, ಓರೆಕೋರೆಯಾಗಿ ಮತ್ತೆ ಇಟ್ಟರು. ಮಧ್ಯಾಹ್ನದ ಊಟದ ಹೊತ್ತು ಮೀರಿತು. ನೀರು ತುಂಬಿಸಿ ಹಲಗೆ ಓಡಿಸಿದಳು. ಅರ್ಧ ಗೇಣಿನ ಅಲೆಗಳು ಒಂದರ ಹಿಂದೆ ಒಂದು ಬಂದು ಬಡಿದವು. ದಿಮ್ಮಿಗಳ ನಡುವೆ ಬುಸುಗುಟ್ಟಿ ನುಗ್ಗಿದ ನೀರು ಅಲ್ಲೇ ಕುಗ್ಗಿ, ಸೋತು ಹಿಂದೆ ಸರಿಯಿತು. ಗೋಡೆಯ ಮೇಲೆ ಹಾರಿದ್ದು ಬರೀ ತುಂತುರು. ಲೆಕ್ಕ ಹೇಳಿದ ಎತ್ತರಕ್ಕೆ ಗಾಜಿನ ಮೇಲೆ ಕೆಂಪು ಗೆರೆ ಎಳೆದಿದ್ದರು. ನೀರು ಪ್ರತಿ ಸಲವೂ ಆ ಗೆರೆಯ ಹತ್ತಿರ ಹೋಗಿ ನಿಂತಿತು.

ಧರ್ಮಪ್ಪ ಬೆರಳಿಂದ ಆ ಕೆಂಪು ಗೆರೆಯನ್ನು ಮುಟ್ಟಿ ನೋಡಿದ. ಇನ್ನೂ ಬಂದೇ ಇರದ ಬಿರುಗಾಳಿ ಎಲ್ಲಿ ನಿಲ್ಲುತ್ತದೆಂದು ಆ ಕಂಪ್ಯೂಟರ್ ಪೆಟ್ಟಿಗೆಗೆ ಹೇಗೆ ತಿಳಿಯಿತೆಂದು ಕೇಳಿದ. ಲೆಕ್ಕದಲ್ಲಿ ಕಡಲನ್ನು ಕೋಟಿ ಪುಟ್ಟ ಪುಟ್ಟ ಕೋಣೆಗಳಾಗಿ ಒಡೆದಿದ್ದೇನೆ, ಪಕ್ಕದ್ದು ತನ್ನನ್ನು ಎಷ್ಟು ನೂಕಿತೆಂದು ಪ್ರತಿ ಕೋಣೆಯೂ ಕ್ಷಣಕ್ಷಣವೂ ಲೆಕ್ಕ ಹಾಕುತ್ತದೆ, ಹತ್ತು ನಿಮಿಷದ ಅಲೆಗೆ ಎರಡು ಹಗಲು ಎರಡು ರಾತ್ರಿ ಹಿಡಿಯುತ್ತದೆ ಎಂದಳು. ಆಮೇಲೆ ಅವನನ್ನು ಪಕ್ಕದ ಕೋಣೆಗೆ ಕರೆದು ಪರದೆಯ ಮೇಲೆ ದಿಮ್ಮಿಗಳ ಒಳಗನ್ನು ತೋರಿಸಿದಳು. ಸಂದಿ ಸಂದಿಯಲ್ಲೂ ಒಂದೊಂದು ಸುಳಿ. ರಭಸವಿದ್ದಲ್ಲಿ ಕೆಂಪು, ಕುಗ್ಗಿದಲ್ಲಿ ನೀಲಿ. ಕೆಂಪಾಗಿ ನುಗ್ಗಿದ ಅಲೆ ಸುಳಿಯಿಂದ ಸುಳಿಗೆ ಹಂಚಿಹೋಗಿ ನೀಲಿಯಾಗಿ ತಣ್ಣಗಾಗುತ್ತಿತ್ತು.

ಜೀವಮಾನವಿಡೀ ಮರದಲ್ಲಿ ತೂತು ಕೊರೆದವನು ತೂತಿನೊಳಗೆ ಏನು ನಡೆಯುತ್ತದೆಂದು ಕಂಡಿರಲಿಲ್ಲ. ಮನೆಯಿಂದ ಹೆಂಡತಿ ವೆಂಕಮ್ಮ ಫೋನ್ ಮಾಡಿ ಊಟಕ್ಕೆ ಯಾಕೆ ಬರಲಿಲ್ಲವೆಂದು ವಿಚಾರಿಸಿದಳು. ಬರುತ್ತೇನೆಂದು ಹೇಳಿ ಫೋನ್ ಜೇಬಿಗೆ ಹಾಕಿದ.

"ಇನ್ನೊಂದ್ಸಲ ನಿಧಾನಕ್ಕೆ ಓಡ್ಸಿ ಮೇಡಂ," ಎಂದು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡ.