ಆರನೆಯ ಹಂತ

ಪೀಳಮೇಡಿನ ಪ್ರಜ್ಞಾವಿಕಾಸ ಕೇಂದ್ರದಲ್ಲಿ ಪದ್ಮಪ್ರಿಯಾ ಆರನೆಯ ಹಂತ ಮುಗಿಸಿದಳು. 'ನಾನು, ನನ್ನದು' ಎಂಬುದು ಕಳಚಿಬೀಳುವ ಹಂತ ಅದು. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ಬಂದವರಿಗೆಲ್ಲ ಕಾಣುವಂತೆ ಮನೆಯ ಹಾಲಿನ ಗೋಡೆಗೆ ತೂಗುಹಾಕಿದವಳೂ ಅವಳೇ.

ಮರುವಾರ ಮೈದುನ ವಾದೀಶ ತಿರುಪ್ಪೂರಿನಿಂದ ಬನಿಯನ್ ಮೂಟೆಗಳನ್ನು ತಂದಿಳಿಸಿ, ಅವನ್ನಿಡಲು ಮಹಡಿಯ ಕೋಣೆ ಕೇಳಿದ. ಆ ಮನೆಯಲ್ಲಿ ಬಾಗಿಲು ಹಾಕಿಕೊಂಡು ಒಬ್ಬಳೇ ಕೂರಲು ಅವಳಿಗಿದ್ದುದು ಅದೊಂದೇ.

"ಅದು ನನ್ನ ರೂಮು," ಎಂದಳು.

ಅತ್ತೆ ಸರಸ್ವತಮ್ಮ ಗೋಡೆಯತ್ತ ನೋಡಿದರು. "ನನ್ನದಾ? ಅದೆಲ್ಲ ಹೋಯ್ತು ಅಂತ ನೀನೇ ತಾನೆ ಅಮ್ಮಿಣಿ, ಬೀದಿಗೆಲ್ಲ ಸ್ವೀಟ್ ಹಂಚಿದ್ದು?"

"ಕೋಪ ಮೂರನೇ ಹಂತದವರಿಗಲ್ಲವಾ ಅತ್ತಿಗೆ?" ಎನ್ನುತ್ತ ವಾದೀಶ ಕೈ ಚಾಚಿದ. ಗಂಡ ಶ್ರೀನಿವಾಸ ಪೇಪರಿನ ಹಿಂದೆ ನಕ್ಕ. ಪದ್ಮಪ್ರಿಯಾ ಕೀಲಿ ಕೊಟ್ಟಳು. ಅದನ್ನೂ ನಗುನಗುತ್ತಲೇ ಕೊಡಬೇಕಾಯಿತು.

ಮರುದಿನ ಕೇಂದ್ರಕ್ಕೆ ಹೋಗಿ, 'ನನ್ನದು ನನಗೇ' ಎನ್ನಲು ಅವಕಾಶವಿದ್ದ ಎರಡನೆಯ ಹಂತಕ್ಕೆ ವಾಪಸು ಸೇರಿಸಿಕೊಳ್ಳುತ್ತೀರಾ ಎಂದು ವಿಚಾರಿಸಿದಳು.

ಕೌಂಟರಿನ ಇಲಕ್ಕಿಯಾ ತಮಿಳಿನಲ್ಲಿ ಅಕ್ಕರೆಯಿಂದಲೇ ಹೇಳಿದಳು: "ಕೆಳಗಿಳಿಯೋ ಪದ್ಧತಿ ಇಲ್ಲ ಮೇಡಂ. ಏಳನೇದಕ್ಕೆ ಬನ್ನಿ. ಅದರಲ್ಲಿ ಮಾತೇ ಇರೋದಿಲ್ಲ."